ಹದಿನೇಳರ ಹರೆಯಕ್ಕೊಂದು ಸ್ವಂತ ಪ್ರಶ್ನೆ

ಹತ್ತನೆಯ ತರಗತಿಯ ನಂತರದ ಎರಡು ವರ್ಷಗಳನ್ನು ನಾವು ಪ್ರವೇಶ ಪರೀಕ್ಷೆಗಳಿಗೆ ಒಪ್ಪಿಸಿಬಿಟ್ಟಿದ್ದೇವೆ. ಐಬಿ ಡಿಪ್ಲೊಮಾ ಅದೇ ಎರಡು ವರ್ಷಗಳಲ್ಲಿ ಬೇರೊಂದು ಬಗೆಯ ಕಲಿಕೆಯನ್ನು ಕೇಳುತ್ತದೆ. ಅದರ ಶುಲ್ಕ ಕೆಲವರಿಗಷ್ಟೇ ಎಟುಕೀತು. ಅದರ ತಿರುಳು ಎಲ್ಲ ಮಕ್ಕಳಿಗೂ ಎಟುಕಬೇಕು. ನವಿ ಮುಂಬಯಿಯ ಕೋಪರಖೈರಣೆಯಿಂದ ಒಂದು ನೋಟ.

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಕೋಪರಖೈರಣೆಯಲ್ಲೊಂದು ಸುತ್ತು ಹಾಕಿದರೆ ಇಲ್ಲಿನ ಮನೆಗಳೊಳಗಿನ ಚಿಂತೆ ಏನೆಂಬುದು ತಾನಾಗಿ ತಿಳಿಯುತ್ತದೆ. ತೀನ್ ಟಾಕಿಯ ಸುತ್ತಮುತ್ತ, ಸೆಕ್ಟರುಗಳ ಒಳರಸ್ತೆಗಳಲ್ಲಿ, ರೈಲು ನಿಲ್ದಾಣದ ದಾರಿಯಲ್ಲಿ ಎಲ್ಲೆಲ್ಲೂ ಕೋಚಿಂಗ್ ಕ್ಲಾಸುಗಳ ಫಲಕಗಳು: ಜೆಇಇ, ನೀಟ್, ಸಿಇಟಿ, ಕಾಮರ್ಸ್, ಫೌಂಡೇಶನ್. ನಗರ ನಿರ್ಮಾಣದ ಸರ್ಕಾರಿ ಸಂಸ್ಥೆ ಸಿಡ್ಕೋ ಕಟ್ಟಿಕೊಟ್ಟ ಸಣ್ಣ ಮನೆಗಳವರು, ಮಾಥಾಡಿ ಕಾರ್ಮಿಕರ ಕುಟುಂಬಗಳು, ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆ ಮತ್ತು ಐಟಿ ಕಚೇರಿಗಳಲ್ಲಿ ದುಡಿಯುವವರು, ಹೋಟೆಲು ನಡೆಸುವ ಕರಾವಳಿಯವರು, ಕಟ್ಟಡದ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರು, ಎಲ್ಲರ ಮಾತೂ ಒಂದೇ. ಮಗುವಿನ ಮುಂದಿನ ಎರಡು ವರ್ಷಗಳನ್ನು ಯಾರ ಕೈಗೆ ಕೊಡುವುದು?

ಕರ್ನಾಟಕದವರಿಗೆ ಪಿಯುಸಿ ಎಂದರೆ ಏನೋ ಇಲ್ಲಿಯವರಿಗೆ ಜೂನಿಯರ್ ಕಾಲೇಜು ಅದು. ‘ಅಕರಾವಿ, ಬಾರಾವಿ’ ಎಂಬ ಮರಾಠಿ ಮಾತು ಇಲ್ಲಿನ ಕನ್ನಡ ಮನೆಗಳಲ್ಲೂ ಸಲೀಸಾಗಿ ಓಡಾಡುತ್ತದೆ. ಈ ಎರಡು ವರ್ಷಗಳಲ್ಲಿ ಎಷ್ಟೋ ಮಕ್ಕಳಿಗೆ ಕಾಲೇಜು ಹೆಸರಿಗಷ್ಟೇ ಇರುತ್ತದೆ, ದಿನವಿಡೀ ಕಳೆಯುವುದು ಕ್ಲಾಸಿನಲ್ಲಿ. ಹದಿನಾರು ಹದಿನೇಳರ ಹುಡುಗ ಹುಡುಗಿಯರು ಸಾವಿರಾರು ಪ್ರಶ್ನೆಗಳಿಗೆ ಉತ್ತರ ಬಿಡಿಸುತ್ತಾರೆ. ಆ ಪ್ರಶ್ನೆಗಳಲ್ಲಿ ಒಂದಾದರೂ ಅವರದೇ ಆಗಿರುವುದಿಲ್ಲ.

ಸ್ಟೇಟ್ ಬೋರ್ಡ್, ಸಿಬಿಎಸ್‌ಇ, ಐಎಸ್‌ಸಿ ಎಂಬ ಮೂರು ಪರಿಚಿತ ಹೆಸರುಗಳ ಜೊತೆಗೆ ಈಗ ನಾಲ್ಕನೆಯದೊಂದು ನವಿ ಮುಂಬಯಿಯ ಪಾಲಕರ ಬಾಯಲ್ಲಿ ಕೇಳಿಬರುತ್ತದೆ. ಅದು ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್. ಕೋಪರಖೈರಣೆಯಿಂದ ಪನ್ವೆಲ್ ಕಡೆಯ ಲೋಕಲ್ ಹಿಡಿದರೆ ಸಿಗುವ ನೆರೂಳಿನಲ್ಲಿ ಡಿ.ವೈ. ಪಾಟೀಲ್ ಇಂಟರ್‌ನ್ಯಾಷನಲ್ ಶಾಲೆ ಇದೆ. ಥಾಣೆ ಖಾಡಿಯೆಂಬ ಕಡಲ ಕವಲಿನಾಚೆ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ 2003ರಲ್ಲಿ ಶುರುವಾದ ಧೀರೂಭಾಯಿ ಅಂಬಾನಿ ಇಂಟರ್‌ನ್ಯಾಷನಲ್ ಶಾಲೆ ಇದೆ. ದೇಶದಲ್ಲಿ ಐಬಿ ಮಾನ್ಯತೆ ಪಡೆದ ಶಾಲೆಗಳು ಇನ್ನೂರು ದಾಟಿವೆ. ಬೆಂಗಳೂರಿನಲ್ಲೂ ಇಂಡಸ್, ಸ್ಟೋನ್‌ಹಿಲ್, ಕೆನೆಡಿಯನ್ ಇಂಟರ್‌ನ್ಯಾಷನಲ್ ಮೊದಲಾದ ಶಾಲೆಗಳು ಈ ಹಾದಿಯಲ್ಲಿವೆ. ಆದರೆ ಶಾಲೆಯ ಹೆಸರು, ಕಟ್ಟಡ, ಶುಲ್ಕ ಇವುಗಳ ಬಗ್ಗೆ ಆಗುವಷ್ಟು ಮಾತು ಅಲ್ಲಿ ಮಕ್ಕಳು ಏನು ಕಲಿಯುತ್ತಾರೆ ಎಂಬುದರ ಬಗ್ಗೆ ಆಗುತ್ತಿಲ್ಲ. ಆಗಬೇಕಾದದ್ದು ಆ ಮಾತು.

ಎರಡು ವರ್ಷ, ಆರು ವಿಷಯ, ಮೂರು ಕಂಬ

ಐಬಿ ಸಂಸ್ಥೆ ಚಿಕ್ಕ ಮಕ್ಕಳಿಗೂ ಮಾಧ್ಯಮಿಕ ತರಗತಿಗಳಿಗೂ ಬೇರೆ ಬೇರೆ ಪಠ್ಯಕ್ರಮ ನಡೆಸುತ್ತದೆ. ಡಿಪ್ಲೊಮಾ ಎಂಬುದು ಕೊನೆಯ ಎರಡು ವರ್ಷಗಳದು, ನಮ್ಮ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಿಗೆ ಸರಿಸಮನಾದದ್ದು. ವಿಷಯಗಳನ್ನು ಆರು ಗುಂಪು ಮಾಡಿದ್ದಾರೆ: ಒಂದು ಭಾಷೆಯ ಸಾಹಿತ್ಯ, ಕಲಿಯುವ ಇನ್ನೊಂದು ಭಾಷೆ, ಸಮಾಜ ವಿಜ್ಞಾನಗಳು, ವಿಜ್ಞಾನ, ಗಣಿತ, ಕಲೆ. ಒಂದೊಂದು ಗುಂಪಿನಿಂದ ಒಂದೊಂದು ವಿಷಯ ಆರಿಸಿಕೊಳ್ಳಬೇಕು. ಕಲೆಯ ಬದಲಿಗೆ ಬೇರೆ ಗುಂಪಿನಿಂದ ಇನ್ನೊಂದು ವಿಷಯ ತೆಗೆದುಕೊಳ್ಳುವ ಅವಕಾಶವಿದೆ. ಸಾಮಾನ್ಯವಾಗಿ ಮೂರು ವಿಷಯಗಳನ್ನು ಮೇಲಿನ ಹಂತದಲ್ಲಿ ಓದಬೇಕು. ಅವಕ್ಕೆ ತಲಾ 240 ಗಂಟೆಗಳ ಬೋಧನೆ. ಉಳಿದ ಮೂರನ್ನು ಸಾಧಾರಣ ಹಂತದಲ್ಲಿ, ತಲಾ 150 ಗಂಟೆ.

ಹೀಗಾಗಿ ಭೌತವಿಜ್ಞಾನ ಓದುವ ಹುಡುಗಿಯೂ ಕಾದಂಬರಿ, ನಾಟಕಗಳನ್ನು ಬಿಡುವಂತಿಲ್ಲ. ಅರ್ಥಶಾಸ್ತ್ರ ಪ್ರೀತಿಸುವ ಹುಡುಗನೂ ಗಣಿತ, ವಿಜ್ಞಾನಗಳಿಂದ ಕಳಚಿಕೊಳ್ಳುವಂತಿಲ್ಲ. ‘ಸೈನ್ಸ್ ತಗೊಂಡಿಯಾ, ಕಾಮರ್ಸಾ’ ಎಂದು ಹದಿನೈದನೆಯ ವಯಸ್ಸಿಗೇ ಮಕ್ಕಳನ್ನು ಎರಡು ದಡಗಳಿಗೆ ಸಾಗಹಾಕುವ ನಮ್ಮ ಪದ್ಧತಿಗೂ ಇದಕ್ಕೂ ಇರುವ ಮೊದಲ ಅಂತರ ಇದು.

ಈ ಆರರ ನಡುವೆ ಮೂರು ಕಡ್ಡಾಯ ಕಂಬಗಳಿವೆ. ಒಂದು, ‘ಥಿಯರಿ ಆಫ್ ನಾಲೆಜ್’. ನಮಗೆ ಗೊತ್ತಿದೆ ಎಂದುಕೊಂಡಿರುವುದು ನಮಗೆ ಗೊತ್ತಾದದ್ದು ಹೇಗೆ ಎಂಬ ವಿಚಾರ ಇಲ್ಲಿನ ಪಾಠ. ಗಣಿತದ ಸಾಧನೆಯನ್ನು ಯಾಕೆ ನಂಬುತ್ತೇವೆ, ಇತಿಹಾಸಕಾರರಿಬ್ಬರು ಒಂದೇ ಘಟನೆಯನ್ನು ಬೇರೆ ಬೇರೆಯಾಗಿ ಏಕೆ ಬರೆಯುತ್ತಾರೆ, ವೈದ್ಯಕೀಯದ ಪುರಾವೆಗೂ ಅಜ್ಜಿಯ ಅನುಭವಕ್ಕೂ ಯಾವ ಸಂಬಂಧ, ಇಂಥವನ್ನು ತರಗತಿಯಲ್ಲಿ ಚರ್ಚಿಸುತ್ತಾರೆ. ವಿದ್ಯಾರ್ಥಿ ಮೂರು ವಸ್ತುಗಳನ್ನು ಆರಿಸಿ ಅವುಗಳ ಮೂಲಕ ಒಂದು ಪ್ರಶ್ನೆಯನ್ನು ವಿವರಿಸುವ ಪ್ರದರ್ಶನ ಮಾಡಬೇಕು, ಜೊತೆಗೆ 1600 ಪದಗಳ ಪ್ರಬಂಧ ಬರೆಯಬೇಕು. ಎರಡು, ‘ಕ್ಯಾಸ್’. ಸೃಜನಶೀಲತೆ, ದೇಹಶ್ರಮ, ಸೇವೆ ಈ ಮೂರರಲ್ಲಿ ಸುಮಾರು ಹದಿನೆಂಟು ತಿಂಗಳು ತೊಡಗಿಕೊಂಡಿರಬೇಕು. ಇದಕ್ಕೆ ಅಂಕವಿಲ್ಲ, ಆದರೆ ಇದು ಪೂರ್ಣವಾಗದೆ ಡಿಪ್ಲೊಮಾ ಸಿಗದು.

ಮೂರನೆಯದು ‘ಎಕ್ಸ್‌ಟೆಂಡೆಡ್ ಎಸ್ಸೆ’, ದೀರ್ಘ ಪ್ರಬಂಧ. ಗರಿಷ್ಠ 4000 ಪದ. ವಿಷಯವನ್ನೂ ಪ್ರಶ್ನೆಯನ್ನೂ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಸುಮಾರು 40 ಗಂಟೆಗಳ ದುಡಿಮೆ ಇದು. ಮಾರ್ಗದರ್ಶಕ ಶಿಕ್ಷಕರು ಒಟ್ಟು ಮೂರರಿಂದ ಐದು ಗಂಟೆ ಮಾತ್ರ ಜೊತೆಗಿರುತ್ತಾರೆ. ಕೊನೆಯಲ್ಲಿ ಅವರೊಡನೆ ಒಂದು ಮೌಖಿಕ ಸಂದರ್ಶನ. ಪ್ರಬಂಧದ ಮೌಲ್ಯಮಾಪನ ಮಾಡುವವರು ಶಾಲೆಯ ಹೊರಗಿನ ಪರೀಕ್ಷಕರು.

ಪ್ರತಿ ವಿಷಯಕ್ಕೂ 1ರಿಂದ 7ರವರೆಗೆ ಅಂಕ. ಆರು ವಿಷಯಗಳಿಗೆ 42. ಥಿಯರಿ ಆಫ್ ನಾಲೆಜ್ ಮತ್ತು ದೀರ್ಘ ಪ್ರಬಂಧ ಎರಡೂ ಸೇರಿ ಗರಿಷ್ಠ 3. ಒಟ್ಟು 45. ಡಿಪ್ಲೊಮಾ ಪಡೆಯಲು ಕನಿಷ್ಠ 24 ಬೇಕು, ಜೊತೆಗೆ ಮೇಲಿನ ಹಂತದ ವಿಷಯಗಳಲ್ಲಿ ಒಟ್ಟು 12 ಇರಲೇಬೇಕು. ಜಗತ್ತಿನ ಸರಾಸರಿ 30ರ ಆಸುಪಾಸಿನಲ್ಲಿರುತ್ತದೆ. 45ಕ್ಕೆ 45 ಪಡೆಯುವವರು ಸಾಮಾನ್ಯವಾಗಿ ನೂರಕ್ಕೆ ಒಬ್ಬರೂ ಇಲ್ಲ. ಹತ್ತರಲ್ಲಿ ಶೇಕಡಾ 95 ಕಂಡು ರೂಢಿಯಾದ ಮನೆಗೆ 34 ಎಂಬ ಅಂಕ ಮೊದಲು ಗಾಬರಿ ಹುಟ್ಟಿಸುತ್ತದೆ. ಅದು ಒಳ್ಳೆಯ ಅಂಕ ಎಂಬುದನ್ನು ಪಾಲಕರು ಮೊದಲೇ ತಿಳಿದಿರಬೇಕು.

ಜಿನೀವಾದಿಂದ ಕೊಡೈಕನಾಲಿಗೆ

ಈ ಪದ್ಧತಿ ಹುಟ್ಟಿದ್ದು ಬಡಾವಣೆಯ ಪ್ರತಿಷ್ಠೆಗಾಗಿ ಅಲ್ಲ. ಮೊದಲ ಮಹಾಯುದ್ಧದ ನಂತರ ಜಿನೀವಾದಲ್ಲಿ ಲೀಗ್ ಆಫ್ ನೇಷನ್ಸ್ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನೌಕರರ ಮಕ್ಕಳಿಗೆಂದು 1924ರಲ್ಲಿ ಒಂದು ಶಾಲೆ ತೆರೆಯಿತು. ಹತ್ತಾರು ದೇಶಗಳ ಮಕ್ಕಳು ಅಲ್ಲಿ ಒಟ್ಟಿಗೆ ಕುಳಿತಿದ್ದರೂ ಕೊನೆಯ ವರ್ಷಗಳಲ್ಲಿ ಬೇರೆ ಬೇರೆ ದೇಶದ ಪರೀಕ್ಷೆಗಳಿಗಾಗಿ ಬೇರೆ ಬೇರೆ ಕೋಣೆಗಳಿಗೆ ಹೋಗಬೇಕಾಗಿತ್ತು. 1962ರಲ್ಲಿ ಅದೇ ಊರಿನಲ್ಲಿ ಸೇರಿದ ಸಮಾಜ ವಿಜ್ಞಾನ ಶಿಕ್ಷಕರ ಸಭೆಯಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಬೇಕೆಂಬ ವಿಚಾರಕ್ಕೆ ರೂಪ ಬಂತು. 1968ರಲ್ಲಿ ಐಬಿ ಸಂಸ್ಥೆ ಸ್ಥಾಪನೆಯಾಯಿತು. ಆಕ್ಸ್‌ಫರ್ಡಿನ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಅಲೆಕ್ ಪೀಟರ್ಸನ್ ಅದರ ಮೊದಲ ಮಹಾನಿರ್ದೇಶಕರು. ಇಂಗ್ಲೆಂಡಿನ ಮಕ್ಕಳು ಹದಿನಾರಕ್ಕೇ ಎರಡು ಮೂರು ವಿಷಯಗಳಿಗೆ ಸೀಮಿತರಾಗುವುದನ್ನು ಅವರು ಬಲವಾಗಿ ವಿರೋಧಿಸುತ್ತಿದ್ದರು. ಸೇವೆ ಮತ್ತು ಶ್ರಮಕ್ಕೆ ಪಠ್ಯದೊಳಗೆ ಜಾಗವಿರಬೇಕೆಂಬ ನಿಲುವಿನ ಹಿಂದೆ ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್ ಸೇರಿದ ಶಿಕ್ಷಣತಜ್ಞ ಕರ್ಟ್ ಹಾನ್ ಅವರ ಪ್ರಭಾವವಿದೆ. ಅವರ ಪ್ರೇರಣೆಯಿಂದ 1962ರಲ್ಲಿ ವೇಲ್ಸಿನಲ್ಲಿ ತೆರೆದ ಅಟ್ಲಾಂಟಿಕ್ ಕಾಲೇಜು ಮುಂದೆ ತನ್ನ ದೇಶದ ಪರೀಕ್ಷೆಯನ್ನೇ ಬಿಟ್ಟು ಐಬಿಯನ್ನು ಅಪ್ಪಿಕೊಂಡಿತು.

ಭಾರತಕ್ಕೆ ಐಬಿ ಬಂದದ್ದು ಮಹಾನಗರಗಳ ಮೂಲಕವಲ್ಲ. ಅಮೆರಿಕದ ಮಿಷನರಿಗಳ ಮಕ್ಕಳಿಗಾಗಿ 1901ರಲ್ಲಿ ಶುರುವಾದ ಕೊಡೈಕನಾಲಿನ ಶಾಲೆ 1976ರಲ್ಲಿ ದೇಶದ ಮೊದಲ ಐಬಿ ಶಾಲೆಯಾಯಿತು. 1997ರಲ್ಲಿ ಪುಣೆಯ ಬಳಿ ಮಹೀಂದ್ರಾ ಯುನೈಟೆಡ್ ವರ್ಲ್ಡ್ ಕಾಲೇಜು ತೆರೆಯಿತು. ಅಲ್ಲಿ ಓದಿಸುವುದೂ ಐಬಿ ಡಿಪ್ಲೊಮಾವನ್ನೇ. ಬೆಂಗಳೂರು, ಮುಂಬಯಿಗಳಲ್ಲಿ ಇಂಥ ಶಾಲೆಗಳ ಸಂಖ್ಯೆ ಏರಿದ್ದು 2000ದ ನಂತರ.

ಕೋಪರಖೈರಣೆಯೊಳಗಿನ ಪ್ರಶ್ನೆಗಳು

ದೀರ್ಘ ಪ್ರಬಂಧದ ಬೆಲೆ ತಿಳಿಯಬೇಕಾದರೆ ಅದನ್ನು ನಮ್ಮ ಓಣಿಗೆ ತಂದು ನೋಡಬೇಕು. ಕೋಪರಖೈರಣೆಯಲ್ಲಿ ಬೆಳೆದ ಹದಿನೇಳರ ಹುಡುಗಿಯೊಬ್ಬಳು ಯಾವ ಪ್ರಶ್ನೆ ಎತ್ತಿಕೊಳ್ಳಬಹುದು?

ಅವಳ ಮನೆಯ ಪಕ್ಕದ ಸೆಕ್ಟರಿನಲ್ಲಿ ಮಾಥಾಡಿ ಕಾರ್ಮಿಕರಿದ್ದಾರೆ. ತಲೆಯ ಮೇಲೆ ಮೂಟೆ ಹೊತ್ತು ಬದುಕಿದ ಈ ಹಮಾಲರ ಕೂಲಿ ಮತ್ತು ಕ್ಷೇಮಕ್ಕಾಗಿ ಮಹಾರಾಷ್ಟ್ರ 1969ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಅದರ ಹಿಂದೆ ಅಣ್ಣಾಸಾಹೇಬ ಪಾಟೀಲರ ಹೋರಾಟವಿತ್ತು. ಆ ಕಾಯ್ದೆ ಒಬ್ಬ ಹಮಾಲನ ಜೀವನವನ್ನು ಎಷ್ಟರ ಮಟ್ಟಿಗೆ ಬದಲಿಸಿತು? ಹಿರಿಯ ಕಾರ್ಮಿಕರ ಮಾತು, ಹಳೆಯ ಪತ್ರಿಕೆ, ಮಾಥಾಡಿ ಮಂಡಳಿಯ ದಾಖಲೆ, ಕಾಯ್ದೆಯ ಪಠ್ಯ ಇವಿಷ್ಟನ್ನೂ ಎದುರಿಗಿಟ್ಟುಕೊಂಡರೆ ಇತಿಹಾಸದ ಗಟ್ಟಿ ಪ್ರಬಂಧವೊಂದು ಅಲ್ಲೇ ಇದೆ.

ಅರ್ಥಶಾಸ್ತ್ರ ಅವಳ ವಿಷಯವಾದರೆ ಕೂಗಳತೆಯಲ್ಲೇ ವಾಶಿ–ತುರ್ಭೆಯ ಎಪಿಎಂಸಿ ಇದೆ. ನಾಸಿಕದಿಂದ ಬಂದ ಈರುಳ್ಳಿ ಲಾರಿಯಿಂದ ಇಳಿದು, ಸವಾಲಾಗಿ, ಸೆಕ್ಟರಿನ ಕಾಯಿಪಲ್ಲೆ ಅಂಗಡಿಗೆ ಬರುವಷ್ಟರಲ್ಲಿ ಬೆಲೆ ಯಾವ ಯಾವ ಕೈಗಳಲ್ಲಿ ಏರುತ್ತದೆ? ಒಂದು ನೋಟುಬುಕ್ಕು, ಕೆಲವು ವಾರಗಳ ಬೆಳಗಿನ ಜಾವ, ವ್ಯಾಪಾರಿಗಳೊಡನೆ ಮಾತಾಡುವ ಧೈರ್ಯ ಇದ್ದರೆ ಸಾಕು.

ಭೂಗೋಳವಾದರೆ ಈ ನಗರವೇ ಪಠ್ಯ. 1965ರಲ್ಲಿ ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್ ಮುಂಬಯಿಯಿಂದ ಖಾಡಿಯಾಚೆ ಹೊಸ ನಗರ ಕಟ್ಟಬೇಕೆಂದು ಪ್ರಸ್ತಾಪಿಸಿದರು. 1970ರಲ್ಲಿ ಸಿಡ್ಕೋ ಬಂತು. ಆಗ್ರಿ, ಕೋಳಿ ಜನರ ಗದ್ದೆ, ಉಪ್ಪಿನ ಪಾತಿಗಳ ನೆಲ ಸೆಕ್ಟರುಗಳಾಯಿತು. 1984ರಲ್ಲಿ ದಿ.ಬಾ. ಪಾಟೀಲರ ನಾಯಕತ್ವದಲ್ಲಿ ಭೂಮಿ ಕಳೆದುಕೊಂಡವರು ಬೀದಿಗಿಳಿದರು. ಜಾಸಯಿಯಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಕೊಟ್ಟ ಜಮೀನಿನ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮರಳಿ ಕೊಡುವ ಯೋಜನೆ ಆ ಹೋರಾಟದ ಫಲ. ಇವತ್ತು ಅದೇ ಊರುಗಳ ಗಲ್ಲಿಗಳಲ್ಲಿ ಆ ನಿವೇಶನಗಳು ಏನಾಗಿವೆ ಎಂದು ಅಳೆದು ಬರೆಯುವುದು ಒಂದು ಅಧ್ಯಯನ. ಜೀವಶಾಸ್ತ್ರ ಇಷ್ಟಪಡುವವರಿಗೆ ಥಾಣೆ ಖಾಡಿಯಿದೆ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಣೆಯಾಗಿ, 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್‌ಸರ್ ಪಟ್ಟಿ ಸೇರಿದ ಜೌಗು ಅದು. ಕಾಂದಳ (ಮ್ಯಾಂಗ್ರೋವ್) ಕಾಡು, ಹಕ್ಕಿ, ಕಾರ್ಖಾನೆಯ ನೀರು ಮೂರೂ ಅಲ್ಲಿ ಸಂಧಿಸುತ್ತವೆ.

ಇವುಗಳಲ್ಲಿ ಯಾವ ಪ್ರಶ್ನೆಗೂ ಪುಸ್ತಕದ ಹಿಂಬದಿಯಲ್ಲಿ ಉತ್ತರವಿಲ್ಲ. ಹುಡುಕಬೇಕು, ತಪ್ಪಬೇಕು, ಪ್ರಶ್ನೆಯನ್ನೇ ಕಿರಿದು ಮಾಡಿಕೊಳ್ಳಬೇಕು, ಯಾರ ಮಾತನ್ನು ಎಲ್ಲಿಂದ ತೆಗೆದುಕೊಂಡೆ ಎಂದು ಪ್ರಾಮಾಣಿಕವಾಗಿ ನಮೂದಿಸಬೇಕು. ಯಂತ್ರವೇ ಪ್ರಬಂಧ ಬರೆದುಕೊಡುವ ಈ ಕಾಲದಲ್ಲಿ ಆ ಪ್ರಾಮಾಣಿಕತೆಯ ಬೆಲೆ ಇನ್ನೂ ಹೆಚ್ಚಿದೆ. ಚಾಟ್‌ಜಿಪಿಟಿಯಂಥ ಸಾಧನಗಳನ್ನು ತಾನು ನಿಷೇಧಿಸುವುದಿಲ್ಲ, ಬಳಸಿದರೆ ಬಳಸಿದೆ ಎಂದು ತೋರಿಸಲೇಬೇಕು ಎಂದು ಐಬಿ 2023ರಲ್ಲಿ ಹೇಳಿತು. ಮಾರ್ಗದರ್ಶಕರ ಎದುರು ಕುಳಿತು ‘ಈ ನಿರ್ಧಾರಕ್ಕೆ ಹೇಗೆ ಬಂದೆ’ ಎಂಬುದಕ್ಕೆ ಉತ್ತರಿಸುವಾಗ ಯಾರು ದುಡಿದಿದ್ದಾರೆ, ಯಾರು ಎರವಲು ತಂದಿದ್ದಾರೆ ಎಂಬುದು ಮುಚ್ಚಿಡಲಾಗದು.

ಕನ್ನಡಕ್ಕೂ ಅಲ್ಲೊಂದು ಜಾಗ

ಹೊರನಾಡಿನ ಕನ್ನಡ ಪಾಲಕರು ಕೇಳದೆ ಬಿಡುವ ಸಂಗತಿಯೊಂದಿದೆ. ಮೊದಲ ಗುಂಪಿನ ಸಾಹಿತ್ಯವನ್ನು ವಿದ್ಯಾರ್ಥಿ ತನ್ನ ತಾಯ್ನುಡಿಯಲ್ಲಿ ಓದಲಿ ಎಂಬುದು ಐಬಿಯ ಆಶಯಗಳಲ್ಲೊಂದು. ಶಾಲೆಯಲ್ಲಿ ಆ ಭಾಷೆಯ ಶಿಕ್ಷಕರಿಲ್ಲದಿದ್ದರೆ ಶಾಲೆಯ ನೆರವಿನೊಂದಿಗೆ ವಿದ್ಯಾರ್ಥಿಯೇ ಅಧ್ಯಯನ ಮಾಡುವ ವ್ಯವಸ್ಥೆ ಇದೆ, ಸಾಧಾರಣ ಹಂತದಲ್ಲಿ ಮಾತ್ರ. ನಿಗದಿತ ಪಟ್ಟಿಯಲ್ಲಿ ಇಲ್ಲದ ಭಾಷೆಗಳಿಗೆ ಶಾಲೆ ಮೊದಲೇ ವಿಶೇಷ ಮನವಿ ಸಲ್ಲಿಸಬೇಕು. ಎರಡು ಭಾಷೆಗಳ ಸಾಹಿತ್ಯವನ್ನು ಈ ಗುಂಪಿನಲ್ಲೇ ಓದಿ ಮುಗಿಸಿದವರಿಗೆ ದ್ವಿಭಾಷಾ ಡಿಪ್ಲೊಮಾ ಸಿಗುತ್ತದೆ. ಮನೆಯಲ್ಲಿ ಕನ್ನಡ ಓದುವ ಮಗುವಿದ್ದರೆ ಪ್ರವೇಶದ ದಿನವೇ ಶಾಲೆಯ ಐಬಿ ಸಂಯೋಜಕರನ್ನು ಕೇಳಿ: ಕನ್ನಡದಲ್ಲಿ ಈ ಹಾದಿ ಸಾಧ್ಯವೆ, ಎಷ್ಟು ಮುಂಚೆ ಮನವಿ ಕೊಡಬೇಕು?

ಅದು ಕೈಗೂಡದಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಇಂಗ್ಲಿಷ್ ಸಾಹಿತ್ಯದ ಪಠ್ಯದಲ್ಲಿ ಅನುವಾದಿತ ಕೃತಿಗಳಿಗೆ ಕಡ್ಡಾಯ ಸ್ಥಾನವಿದೆ, ಶಾಲೆ ಸ್ವತಂತ್ರವಾಗಿ ಆರಿಸಿಕೊಳ್ಳುವ ಕೃತಿಗಳೂ ಇವೆ. ದೀರ್ಘ ಪ್ರಬಂಧದಲ್ಲಿ ಇಂಗ್ಲಿಷ್ ಕೃತಿಯೊಂದನ್ನು ಬೇರೆ ಭಾಷೆಯಿಂದ ಬಂದ ಕೃತಿಯೊಡನೆ ಹೋಲಿಸಿ ಬರೆಯಬಹುದು. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಆಗಿ ದಕ್ಷಿಣ ಏಷ್ಯಾ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಪಡೆದವು. ಅವನ್ನು ರೋಹಿಂಟನ್ ಮಿಸ್ತ್ರಿಯವರ ಪಾರ್ಸಿ ವಸತಿಯ ಕಥೆಗಳ ಪಕ್ಕದಲ್ಲಿಟ್ಟು ಓದಿದರೆ ಒಂದೇ ನಗರದ ಎರಡು ಲೋಕಗಳು ತೆರೆದುಕೊಳ್ಳುತ್ತವೆ. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಗೆದ್ದ ಮೇಲೆ ಕನ್ನಡ ಕೃತಿಯನ್ನು ಅಧ್ಯಯನಕ್ಕೆ ಆರಿಸಲು ಯಾವ ಶಾಲೆಯೂ ಹಿಂಜರಿಯಬೇಕಿಲ್ಲ. ಯಶವಂತ ಚಿತ್ತಾಲರು, ವ್ಯಾಸರಾಯ ಬಲ್ಲಾಳರು ಬದುಕಿ ಬರೆದ ಮಹಾನಗರದಲ್ಲಿ ಅವರ ಹೆಸರನ್ನೂ ಕೇಳದೆ ನಮ್ಮ ಮಕ್ಕಳು ಸಾಹಿತ್ಯದ ಪರೀಕ್ಷೆ ಮುಗಿಸುವುದು ನಮಗೇ ನಷ್ಟ.

ಕಣ್ಣು ತೆರೆದು ಆರಿಸಿ

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಯ ಮಾತುಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಮೊದಲನೆಯದು ಹಣ. ಐಬಿ ಶಾಲೆಗಳ ಶುಲ್ಕ ವರ್ಷಕ್ಕೆ ಹಲವು ಲಕ್ಷ. ಪರೀಕ್ಷಾ ಶುಲ್ಕ ಬೇರೆ. ಇಲ್ಲಿನ ಬಹುಪಾಲು ಮನೆಗಳಿಗೆ ಅದು ವರ್ಷದ ದುಡಿಮೆಗಿಂತ ದೊಡ್ಡ ಮೊತ್ತ. ಸಾಲ ಮಾಡಿ ಎರಡು ವರ್ಷ ತಳ್ಳಿದರೂ ಆಮೇಲಿನ ವಿದೇಶಿ ವಿಶ್ವವಿದ್ಯಾಲಯದ ಖರ್ಚು ಮುಂದೆ ನಿಂತಿರುತ್ತದೆ. ಎರಡರ ಲೆಕ್ಕವನ್ನೂ ಒಟ್ಟಿಗೇ ಹಾಕಬೇಕು.

ಎರಡನೆಯದು ಭಾರತದಲ್ಲೇ ಓದು ಮುಂದುವರಿಸುವ ಪ್ರಶ್ನೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಐಬಿ ಡಿಪ್ಲೊಮಾವನ್ನು ಹನ್ನೆರಡನೆಯ ತರಗತಿಗೆ ಸಮಾನವೆಂದು ಮಾನ್ಯ ಮಾಡಿದೆ. ಆದರೆ ಮಾನ್ಯತೆ ಇದ್ದ ಮಾತ್ರಕ್ಕೆ ದಾರಿ ಸಲೀಸಾಗುವುದಿಲ್ಲ. ನೀಟ್ ಬರೆಯಲು ಭೌತ, ರಸಾಯನ, ಜೀವಶಾಸ್ತ್ರ ಮೂರೂ ಬೇಕು. ಐಬಿಯ ಸಾಮಾನ್ಯ ಚೌಕಟ್ಟಿನಲ್ಲಿ ವಿಜ್ಞಾನದಿಂದ ಎರಡೇ ವಿಷಯ ಸುಲಭವಾಗಿ ಸೇರುತ್ತವೆ. ಮೂರನೆಯದಕ್ಕೆ ಶಾಲೆ ವಿಶೇಷ ಅನುಮತಿ ಪಡೆಯಬೇಕು. ನೀಟ್ ನಡೆಯುವುದು ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ. ಐಬಿಯ ಅಂತಿಮ ಪರೀಕ್ಷೆಗಳೂ ಅದೇ ಮೇ ತಿಂಗಳಲ್ಲಿ. ಐಬಿ ಫಲಿತಾಂಶ ಬರುವುದು ಜುಲೈ ಮೊದಲ ವಾರ. ಅಷ್ಟರಲ್ಲಿ ಇಲ್ಲಿನ ಎಷ್ಟೋ ಕಾಲೇಜುಗಳ ಪ್ರವೇಶ ಅರ್ಧ ಮುಗಿದಿರುತ್ತದೆ. ಏಳರ ಶ್ರೇಣಿಯನ್ನು ಶೇಕಡಾವಾರಿಗೆ ಪರಿವರ್ತಿಸಿಕೊಳ್ಳುವ ಕೆಲಸವೂ ಇದೆ. ಸರ್ಕಾರಿ ವೈದ್ಯಕೀಯ ಸೀಟೇ ಮಗುವಿನ ಗುರಿಯಾಗಿದ್ದರೆ ಐಬಿ ಆ ದಾರಿಯನ್ನು ಕಷ್ಟವಾಗಿಸುತ್ತದೆ ಎಂದು ನೇರವಾಗಿಯೇ ಹೇಳುತ್ತೇನೆ. ಕಾನೂನು, ಅರ್ಥಶಾಸ್ತ್ರ, ವಿನ್ಯಾಸ, ಮಾನವಿಕ ವಿಷಯಗಳಲ್ಲಿ, ದೇಶದ ಹೊಸ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಅಥವಾ ಹೊರದೇಶದಲ್ಲಿ ಓದುವ ಯೋಚನೆ ಇದ್ದರೆ ಅದು ಒಳ್ಳೆಯ ತಯಾರಿ.

ಮೂರನೆಯದು ಒತ್ತಡ. ಆರು ವಿಷಯಗಳ ಆಂತರಿಕ ಕೆಲಸ, ದೀರ್ಘ ಪ್ರಬಂಧ, ವಿಶ್ವವಿದ್ಯಾಲಯಗಳ ಅರ್ಜಿ ಎಲ್ಲವೂ ಎರಡನೆಯ ವರ್ಷದ ಮೊದಲ ಕೆಲವು ತಿಂಗಳಲ್ಲಿ ಒಟ್ಟಿಗೆ ಬೀಳುತ್ತವೆ. ಮೊದಲ ವರ್ಷ ಹಗುರವಾಗಿ ಕಳೆದವರು ಆಗ ಕುಸಿಯುತ್ತಾರೆ. ಇನ್ನೊಂದು ಬೇಸರದ ಸಂಗತಿಯೆಂದರೆ ಐಬಿ ಮಕ್ಕಳಿಗೂ ಈಗ ಖಾಸಗಿ ಟ್ಯೂಷನ್‌ಗಳು ಹುಟ್ಟಿಕೊಂಡಿವೆ. ಸ್ವಂತ ಪ್ರಶ್ನೆ ಹುಡುಕಬೇಕಾದ ಮಗುವಿಗೆ ಹಣ ಪಡೆದು ಪ್ರಶ್ನೆ ಹುಡುಕಿಕೊಡುವುದು ಆ ಮಗುವಿಗೆ ಮಾಡುವ ಅನ್ಯಾಯ.

ಶ್ರೀಮಂತರಿಗಷ್ಟೇ ಇರಬೇಕೆ?

ಐಬಿ ಎಂದರೆ ಸಿರಿವಂತರ ಶಿಕ್ಷಣ ಎಂಬುದು ಭಾರತದ ಅನುಭವ. ಎಲ್ಲೆಡೆ ಹಾಗಿಲ್ಲ. ಅಮೆರಿಕದಲ್ಲಿ ಐಬಿ ನಡೆಸುವ ಶಾಲೆಗಳಲ್ಲಿ ಬಹುಪಾಲು ಸರ್ಕಾರಿ ಶಾಲೆಗಳು. ಷಿಕಾಗೊ ನಗರ 1997ರಿಂದ ಬಡ ಬಡಾವಣೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಈ ಡಿಪ್ಲೊಮಾವನ್ನು ತಂದಿತು. ಅಲ್ಲಿ ಓದಿದ ಮಕ್ಕಳ ಬಗ್ಗೆ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದೇ ಹಿನ್ನೆಲೆಯ ಬೇರೆ ಮಕ್ಕಳಿಗಿಂತ ಇವರು ನಾಲ್ಕು ವರ್ಷದ ಕಾಲೇಜು ಸೇರುವ ಸಾಧ್ಯತೆ ಶೇಕಡಾ 40ರಷ್ಟು ಹೆಚ್ಚಿತ್ತು. ಆಯ್ದ ಉತ್ತಮ ಕಾಲೇಜು ಸೇರುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚಿತ್ತು. ಕಾಲೇಜಿಗೆ ಕಾಲಿಡುವಾಗ ಬರೆಯುವ, ವಾದಿಸುವ, ಸಮಯ ಹೊಂದಿಸುವ ಕೆಲಸ ಅವರಿಗೆ ಹೊಸದಾಗಿರಲಿಲ್ಲ. ಕಷ್ಟದ ಪಠ್ಯ ಬಡ ಮಕ್ಕಳಿಗೆ ಹೊರೆ ಎಂಬ ನಮ್ಮ ನಂಬಿಕೆಯನ್ನು ಈ ಒಂದು ಉದಾಹರಣೆ ಅಲ್ಲಾಡಿಸಬೇಕು.

ನಮ್ಮ ದೇಶದಲ್ಲೂ ಪ್ರಯತ್ನಗಳಾಗಿವೆ. 2021ರಲ್ಲಿ ದೆಹಲಿ ಸರ್ಕಾರ ತನ್ನ ಹೊಸ ಶಿಕ್ಷಣ ಮಂಡಳಿಗಾಗಿ ಐಬಿಯೊಡನೆ ಒಪ್ಪಂದ ಮಾಡಿಕೊಂಡಿತು. 2024ರ ಆರಂಭದಲ್ಲಿ ಆಂಧ್ರ ಪ್ರದೇಶವೂ ಸರ್ಕಾರಿ ಶಾಲೆಗಳಿಗಾಗಿ ಅಂಥದೇ ಒಪ್ಪಂದ ಮಾಡಿಕೊಂಡಿತ್ತು. ಅದೇ ವರ್ಷ ಸರ್ಕಾರ ಬದಲಾದ ಮೇಲೆ ಅದು ಮುಂದುವರಿಯಲಿಲ್ಲ. ಪುಣೆ ಬಳಿಯ ಮಹೀಂದ್ರಾ ಕಾಲೇಜಿನಲ್ಲಿ ಅಗತ್ಯ ನೋಡಿ ವಿದ್ಯಾರ್ಥಿವೇತನ ಕೊಡುವ ವ್ಯವಸ್ಥೆ ಇದೆ. ಯುನೈಟೆಡ್ ವರ್ಲ್ಡ್ ಕಾಲೇಜುಗಳಿಂದ ಹೊರಬಂದವರಿಗೆ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ನೆರವಾಗುವ ಡೇವಿಸ್ ಯೋಜನೆ 2000ದಿಂದ ನಡೆಯುತ್ತಿದೆ. ಪ್ರತಿಭೆ ಇದ್ದು ಹಣವಿಲ್ಲದ ಮಗು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಹತ್ತನೆಯ ತರಗತಿಯಲ್ಲಿರುವಾಗಲೇ ಇಂಥ ಅರ್ಜಿಗಳ ಬಗ್ಗೆ ವಿಚಾರಿಸಿ.

ಆದರೂ ನನ್ನ ಕಳಕಳಿ ಡಿಪ್ಲೊಮಾ ಪಡೆಯುವ ಕೆಲವರ ಬಗ್ಗೆ ಅಲ್ಲ, ಪಡೆಯಲಾಗದ ಸಾವಿರಾರು ಮಕ್ಕಳ ಬಗ್ಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆ–ವಿಜ್ಞಾನಗಳ ನಡುವಿನ ಗೋಡೆ ತೆಗೆಯಬೇಕು, ಕಂಠಪಾಠದಿಂದ ವಿಚಾರದತ್ತ ಸಾಗಬೇಕು ಎಂದು ಬರೆದಿದೆ. ಕಾಗದದ ಮೇಲಿನ ಆ ಮಾತು ಸೆಕ್ಟರಿನ ಕ್ಲಾಸಿಗೆ ಇಳಿದಿಲ್ಲ. ಇಳಿಸಲು ಲಕ್ಷಗಳ ಶುಲ್ಕವೇನೂ ಬೇಕಿಲ್ಲ. ದೀರ್ಘ ಪ್ರಬಂಧಕ್ಕೆ ಬೇಕಾದದ್ದು ಒಂದು ಗ್ರಂಥಾಲಯ, ನಲವತ್ತು ಗಂಟೆ, ತಾಳ್ಮೆಯಿಂದ ಕೇಳುವ ಒಬ್ಬ ಹಿರಿಯ.

ರಾತ್ರಿಶಾಲೆ ಕಟ್ಟಿದವರಿಗೆ ಇದು ಅಸಾಧ್ಯವಲ್ಲ

ಮುಂಬಯಿ ಕನ್ನಡಿಗರಿಗೆ ಈ ಕೆಲಸದಲ್ಲಿ ದೊಡ್ಡ ಪರಂಪರೆಯೇ ಇದೆ. ಕರಾವಳಿಯಿಂದ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರಿಗಾಗಿ ಇಲ್ಲಿನ ಸಮಾಜಗಳು ರಾತ್ರಿಶಾಲೆ ತೆರೆದವು. ಮೊಗವೀರರು, ಬಿಲ್ಲವರು, ಬಂಟರು, ಇನ್ನೂ ಅನೇಕರು ಸೇರಿ ನಡೆಸಿದ ಆ ಶಾಲೆಗಳಿಂದ ವಕೀಲರು, ಅಧ್ಯಾಪಕರು, ಬ್ಯಾಂಕ್ ಅಧಿಕಾರಿಗಳು, ಉದ್ಯಮಿಗಳು ಹೊರಬಂದರು. 1926ರಲ್ಲಿ ಸ್ಥಾಪನೆಯಾದ ಮಾಟುಂಗದ ಮೈಸೂರು ಅಸೋಸಿಯೇಷನ್ ಇಂದಿಗೂ ಕನ್ನಡದ ಕೆಲಸ ಮಾಡುತ್ತಿದೆ. ಡೊಂಬಿವಲಿಯಲ್ಲಿ ಮಂಜುನಾಥ ವಿದ್ಯಾಲಯ ಬೆಳೆದು ನಿಂತಿದೆ. ಪೊವಾಯಿಯಲ್ಲಿ ಬಂಟರ ಸಂಘ ಕಟ್ಟಿದ ಎಸ್.ಎಂ. ಶೆಟ್ಟಿ ಶಿಕ್ಷಣ ಸಂಸ್ಥೆಗಳಲ್ಲಿ ಇಂಟರ್‌ನ್ಯಾಷನಲ್ ಶಾಲೆಯೂ ಇದೆ. ರಾತ್ರಿಶಾಲೆಯಿಂದ ಇಲ್ಲಿಯವರೆಗಿನ ದಾರಿಯನ್ನು ನಮ್ಮವರು ಸ್ವಂತ ದುಡಿಮೆಯಲ್ಲಿ ನಡೆದಿದ್ದಾರೆ. ಅಂದು ಅಕ್ಷರಕ್ಕೆ ಬರಗಾಲ ಎಂದು ಕಂಡು ಅಕ್ಷರ ಕೊಟ್ಟರು. ಇಂದು ಬರಗಾಲ ಬಂದಿರುವುದು ವಿಚಾರಕ್ಕೆ.

ಆದ್ದರಿಂದ ವಾಶಿಯ ನವಿ ಮುಂಬಯಿ ಕನ್ನಡ ಸಂಘಕ್ಕೆ, ಡೊಂಬಿವಲಿ, ಕಲ್ಯಾಣ, ಥಾಣೆಯ ಕನ್ನಡ ಸಂಘಗಳಿಗೆ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಒಂದು ಬೇಡಿಕೆ. ಪ್ರತಿ ವರ್ಷ ಹತ್ತು ಮತ್ತು ಹನ್ನೆರಡರಲ್ಲಿ ಹೆಚ್ಚು ಅಂಕ ಪಡೆದವರಿಗೆ ನೀವು ಶಾಲು ಹೊದಿಸುತ್ತೀರಿ, ಪುಸ್ತಕ ಕೊಡುತ್ತೀರಿ. ಅದು ನಡೆಯಲಿ. ಅದರ ಜೊತೆಗೆ ಹನ್ನೊಂದನೆಯ ತರಗತಿಯ ಮಕ್ಕಳಿಗಾಗಿ ‘ದೀರ್ಘ ಪ್ರಬಂಧ’ದ ಒಂದು ಯೋಜನೆ ಶುರುಮಾಡಿ. ಯಾವ ಬೋರ್ಡಿನ ಮಗುವಾದರೂ ಸರಿ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆದರೂ ಸರಿ. ದೀಪಾವಳಿ ರಜೆಯಲ್ಲಿ ಪ್ರಶ್ನೆ ಆರಿಸಿಕೊಳ್ಳಲಿ, ಬೇಸಿಗೆ ರಜೆಯಲ್ಲಿ ಬರೆದು ಮುಗಿಸಲಿ. ನಿವೃತ್ತ ಪ್ರಾಧ್ಯಾಪಕರು, ಬ್ಯಾಂಕಿನವರು, ಎಂಜಿನಿಯರುಗಳು ನಿಮ್ಮ ಸದಸ್ಯರಲ್ಲಿ ಎಷ್ಟೋ ಮಂದಿ ಇದ್ದಾರೆ. ಒಬ್ಬೊಬ್ಬರು ಒಂದೊಂದು ಮಗುವಿಗೆ ಮಾರ್ಗದರ್ಶಕರಾಗಲಿ. ಮಕ್ಕಳು ತಮ್ಮ ಪ್ರಬಂಧವನ್ನು ಸಂಘದ ಸಭೆಯಲ್ಲಿ ಮಂಡಿಸಲಿ, ಹಿರಿಯರು ಪ್ರಶ್ನೆ ಕೇಳಲಿ. ಒಳ್ಳೆಯವನ್ನು ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿ.

ಪಾಲಕರಲ್ಲೂ ಒಂದು ಮಾತು. ಐಬಿಗೆ ಸೇರಿಸುವ ಶಕ್ತಿ ಇದ್ದವರು ಶಾಲೆಯ ಕಟ್ಟಡ ನೋಡುವ ಮೊದಲು ಅಲ್ಲಿನ ಹಳೆಯ ವಿದ್ಯಾರ್ಥಿಗಳು ಯಾವ ವಿಷಯಗಳ ಮೇಲೆ ದೀರ್ಘ ಪ್ರಬಂಧ ಬರೆದರು ಎಂದು ವಿಚಾರಿಸಿ. ಶಕ್ತಿ ಇಲ್ಲದವರು ಕೊರಗಬೇಡಿ. ನಿಮ್ಮ ಮಗು ಸ್ಟೇಟ್ ಬೋರ್ಡಿನಲ್ಲಿ ಓದಲಿ, ಸಿಇಟಿ ಬರೆಯಲಿ. ಆದರೆ ಆ ಎರಡು ವರ್ಷಗಳಲ್ಲಿ ಒಂದೇ ಒಂದು ಪ್ರಶ್ನೆಯನ್ನಾದರೂ ತನ್ನದಾಗಿ ಎತ್ತಿಕೊಂಡು, ತಾನೇ ಹುಡುಕಿ, ತಾನೇ ಬರೆದು ಮುಗಿಸಲು ಅದಕ್ಕೆ ಬಿಡುವು ಕೊಡಿ. ಕಾಲೇಜು ಶಿಕ್ಷಣಕ್ಕೆ ಅದಕ್ಕಿಂತ ಒಳ್ಳೆಯ ತಯಾರಿ ಬೇರೆ ಇಲ್ಲ.